ಪಾರ್ಟ್ ನಂಬರ್ ಇಲ್ಲದ ತೋಳು

ಕ್ಲಚ್ ಪೆಡಲನ್ನು ದಿನಕ್ಕೆ ನೂರಾರು ಸಲ ತುಳಿಯುವ ನಾವು ಅದರ ಹಿಂದೆ ಏನಿದೆ ಎಂದು ಬಗ್ಗಿ ನೋಡುವುದು ಅದು ಕೈಕೊಟ್ಟ ದಿನವೇ. ಹಳೆಯ ಕಾಲದ, ಕೇಬಲ್ ಇರುವ ಸಣ್ಣ ಕಾರುಗಳಲ್ಲಿ ಅಲ್ಲಿ ಇರುವುದು ತುಂಬ ಸರಳ. ನಮ್ಮ ಕಾರಿನಲ್ಲಿ ಪೆಡಲು ಒಂದು ಅಡ್ಡ ಶಾಫ್ಟಿಗೆ ಜೋತುಬಿದ್ದಿದೆ. ಶಾಫ್ಟಿನ ಇನ್ನೊಂದು ತುದಿಯಲ್ಲಿ ಮೇಲಕ್ಕೆ ಚಾಚಿದ ಒಂದು ಪುಟ್ಟ ಕಬ್ಬಿಣದ ತೋಳು. ಆ ತೋಳಿನ ತುದಿಗೆ ಕೇಬಲ್ ಸಿಕ್ಕಿಸಿರುತ್ತದೆ. ಕಾಲು ಪೆಡಲನ್ನು ಮುಂದಕ್ಕೆ ತಳ್ಳಿದರೆ ತೋಳು ಹಿಂದಕ್ಕೆ ಬಾಗುತ್ತದೆ, ಕೇಬಲ್ ಎಳೆಯುತ್ತದೆ, ಅತ್ತ ಎಂಜಿನ್ನೂ ಗೇರ್‌ಬಾಕ್ಸೂ ಒಂದು ಕ್ಷಣ ಬೇರೆಯಾಗುತ್ತವೆ. ಹೊಲದ ಏತದ ಹಾಗೆ, ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ.

2024ರ ಮೇ ತಿಂಗಳಲ್ಲಿ ನಮ್ಮ ಕಾರಿನ ಆ ಗಿಡ್ಡ ತೋಳು ಮುರಿಯಿತು. ನಾನಿರುವುದು ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ, ಕೆಲಸ ಎಣ್ಣೂರಿನ ಕಡೆ. ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಲ್ಲುವ ಎಣ್ಣೂರು ಎಕ್ಸ್‌ಪ್ರೆಸ್ ರಸ್ತೆಯಲ್ಲಿ, ಕಾಸಿಮೇಡಿನ ಹತ್ತಿರ, ಪೆಡಲು ಒಮ್ಮೆಗೇ ಹಗುರಾಗಿ ನೆಲಕ್ಕೆ ಬಿತ್ತು. ಲಾರಿಯ ಇಬ್ಬರು ಕ್ಲೀನರ್‌ಗಳು ಇಳಿದು ಬಂದು ಕಾರನ್ನು ಬದಿಗೆ ತಳ್ಳಿಕೊಟ್ಟರು. ರಸ್ತೆಬದಿಯ ಮೆಕ್ಯಾನಿಕ್ ಕೇಬಲ್ ಹೋಗಿರಬೇಕು ಎಂದುಕೊಂಡೇ ಬಾನೆಟ್ ಎತ್ತಿದ. ಕೇಬಲ್ ಸರಿಯಾಗಿಯೇ ಇತ್ತು. ಆಮೇಲೆ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ ಮಲಗಿ, ಎರಡು ತುಂಡು ಕಬ್ಬಿಣ ತೆಗೆದು ನನ್ನ ಅಂಗೈಯಲ್ಲಿಟ್ಟ.

ಆ ಕಾರು ಅಪ್ಪನದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದ ಅಪ್ಪ 2005ರಲ್ಲಿ ಸೊಸೈಟಿಯ ಸಾಲ ಮಾಡಿ ಕೊಂಡಿದ್ದು. ಅಮ್ಮ ಹೋದಮೇಲೆ ಅಪ್ಪನ ಜೊತೆಗೆ ಕಾರೂ ಚೆನ್ನೈಗೆ ಬಂತು. ಬೇರೆ ರಾಜ್ಯಕ್ಕೆ ತಂದ ಗಾಡಿ ಅಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಆ ರಾಜ್ಯದ ನಂಬರ್ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಹಾಗೆ ಕೆಎ–14 ಹೋಗಿ ಟಿಎನ್ ಬಂತು. ಅಪ್ಪ ಹಳೆಯ ಪ್ಲೇಟನ್ನು ಎಸೆಯದೆ ಬಾಲ್ಕನಿಯಲ್ಲಿ ತುಳಸಿ ಕುಂಡದ ಹಿಂದೆ ಒರಗಿಸಿಟ್ಟ. ಮನುಷ್ಯರಿಗೆ ಅಂಥ ಕಲಮು ಇಲ್ಲ. ಎರಡು ವರ್ಷವಾದರೂ ಅಪ್ಪ ಚೆನ್ನೈನವನಾಗಿರಲಿಲ್ಲ. ತಮಿಳು ಬಾರದು, ಬಿಸಿಲು ಒಗ್ಗದು. ಬೆಳಗ್ಗೆ ಪೇಪರ್, ಮಧ್ಯಾಹ್ನ ನಿದ್ದೆ, ಸಂಜೆ ಬಾಲ್ಕನಿ. ವಾರಕ್ಕೊಮ್ಮೆ ಕಾರು ಒರೆಸುವುದೊಂದೇ ಅವನಿಗಿದ್ದ ಕೆಲಸ. ‘ಮಳೆಗಾಲ ಶುರುವಾಗಲಿ, ನಾನು ಊರಿಗೆ ಹೋಗಿಬಿಡ್ತೀನಿ’ ಎಂಬ ಮಾತು ಆಗಾಗ ಬರುತ್ತಿತ್ತು. ಊರಿನ ಮನೆಯಲ್ಲಿ ಅವನೊಬ್ಬನೇ ಹೇಗಿರುತ್ತಾನೆ ಎಂಬುದು ನನ್ನ ಚಿಂತೆ. ಇಲ್ಲಿ ಹೇಗಿರುವುದು ಎಂಬುದು ಅವನದು.

ಮುರಿದ ತುಂಡುಗಳನ್ನು ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

‘ನೋಡಿಲ್ಲಿ ಪುಟ್ಟಿ, ಇದು ಇವತ್ತು ಮುರಿದಿದ್ದಲ್ಲ.’

ಮುರಿದ ಮುಖದ ಮುಕ್ಕಾಲು ಭಾಗ ನುಣುಪಾಗಿ, ಕಪ್ಪು ಹಿಡಿದಿತ್ತು. ಉಳಿದ ಕಾಲು ಭಾಗ ಮಾತ್ರ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿತ್ತು. ಕಪ್ಪು ಭಾಗದಲ್ಲಿ ಸಣ್ಣ ಸಣ್ಣ ಬಾಗಿದ ಗೆರೆಗಳು. ಅಲೆ ಬಂದು ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಗೆರೆಗಳ ಹಾಗೆ. ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಅವುಗಳ ಹೆಸರೇ ಬೀಚ್ ಮಾರ್ಕ್ಸ್. ಒಂದು ಮೂಲೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಹುಟ್ಟಿ, ಪ್ರತಿ ಸಲ ತುಳಿದಾಗಲೂ ಇಷ್ಟಿಷ್ಟೇ ಮುಂದೆ ಹೋಗಿ, ಉಳಿದ ಕಾಲು ಭಾಗಕ್ಕೆ ಭಾರ ತಡೆಯಲಾಗದ ದಿನ ಮುರಿದಿದೆ. ಲೋಹಕ್ಕೂ ದಣಿವು ಇದೆ. ಅಪ್ಪ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದ: ದಿನಕ್ಕೆ ಮುನ್ನೂರು ಸಲ, ವರ್ಷಕ್ಕೆ ಮುನ್ನೂರು ದಿನ, ಹತ್ತೊಂಬತ್ತು ವರ್ಷ. ಹದಿನೇಳು ಲಕ್ಷ ಚಿಲ್ಲರೆ. ‘ಇಷ್ಟು ದುಡಿದಿದೆ. ಬೈಯೋ ಹಾಗಿಲ್ಲ’ ಎಂದ.

ಮಾರನೆಯ ದಿನ ಸ್ಪೇರ್ ಪಾರ್ಟ್ ಕೌಂಟರಿಗೆ ಹೋದೆ. ‘ಪಾರ್ಟ್ ನಂಬರ್ ಹೇಳಿ ಮೇಡಂ’ ಎಂದರು. ಹುಡುಕಿಕೊಂಡು ಹೋಗಿದ್ದ ನಂಬರ್ ಹೇಳಿದೆ. ಕಂಪ್ಯೂಟರ್ ನೋಡಿ, ಈ ಮಾಡೆಲ್ ನಿಂತುಹೋಗಿದೆ, ಈ ಪಾರ್ಟು ಬರುವುದಿಲ್ಲ ಎಂದರು. ಒಡೆದ ತುಂಡನ್ನು ಚೀಲದಿಂದ ತೆಗೆದೆ. ಯಾರೂ ಅದರ ಕಡೆ ನೋಡಲಿಲ್ಲ. ಅವರದೇನೂ ತಪ್ಪಿಲ್ಲ, ಅವರ ಲೋಕ ನಂಬರಿನದು. ಅಲ್ಲಿಂದ ಪುದುಪೇಟೆಗೆ ಹೋದೆ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಹೇಗೋ, ಚೆನ್ನೈನವರಿಗೆ ಪುದುಪೇಟೆ ಹಾಗೆ. ಬಿಚ್ಚಿದ ಕಾರುಗಳ ಕೈಕಾಲುಗಳೆಲ್ಲ ಅಲ್ಲಿ ಸಿಗುತ್ತವೆ. ನಮ್ಮದೇ ಮಾಡೆಲಿನ ಪೆಡಲು ಒಂದು ಸಿಕ್ಕಿತು. ಅಪ್ಪ ಅದರ ತೋಳಿನ ಬುಡಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದಪುಡಿ ಉದುರಿಸಿದ. ಸ್ವಲ್ಪ ಹೊತ್ತಿಗೆ ಪುಡಿಯ ಮೇಲೆ ಒಂದು ಒದ್ದೆ ಗೆರೆ ಮೂಡಿತು. ನಮ್ಮದು ಮುರಿದ ಜಾಗದಲ್ಲೇ ಅಲ್ಲೂ ಬಿರುಕು, ಒಳಗಿದ್ದ ಎಣ್ಣೆ ಹೊರಗೆ ಬಂದಿತ್ತು. ಕಾರನ್ನೇ ಗುಜರಿಗೆ ಹಾಕಿದರೆ ಎಷ್ಟು ಸಿಗುತ್ತದೆ ಎಂದು ಅಂಗಡಿಯವನು ತಾನಾಗಿಯೇ ಹೇಳಿದ. ಅಪ್ಪ ಕೇಳಿಸದವನ ಹಾಗೆ ಹೊರಗೆ ಹೋಗಿ ನಿಂತ.

ಕಾಸಿಮೇಡಿಗೆ ಹೋಗಿ ಎಂದು ಹೇಳಿದ್ದು ಕಾರು ತಳ್ಳಿಸಿಕೊಂಡ ಆ ರಸ್ತೆಬದಿಯ ಮೆಕ್ಯಾನಿಕ್ಕೇ. ಚೆನ್ನೈಗೆ ಹೊಸಬರಾದವರಿಗೆ ಕಾಸಿಮೇಡು ಎಂದರೆ ಭಾನುವಾರದ ಮೀನು ಮಾರುಕಟ್ಟೆ. ನಮ್ಮ ಅಂಜಲ್ ಮೀನು ಅಲ್ಲಿ ವಂಜರಂ. ಆದರೆ ಮೀನುಗಾರಿಕೆ ಬಂದರಿಗೆ ಇನ್ನೊಂದು ಮುಖವಿದೆ. ಟ್ರಾಲರ್ ದೋಣಿಗಳ ಎಂಜಿನ್, ಪ್ರೊಪೆಲರ್, ಶಾಫ್ಟುಗಳನ್ನು ಸರಿಮಾಡುವ ಲೇತ್ ಅಂಗಡಿಗಳು, ವೆಲ್ಡಿಂಗ್ ಶೆಡ್ಡುಗಳು. ಉತ್ತರ ಮದರಾಸು ಮೊದಲಿನಿಂದಲೂ ಕಬ್ಬಿಣದ ಕೆಲಸದ ಸೀಮೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ಹೊರಟದ್ದು ಇದರ ಪಕ್ಕದ ರಾಯಪುರಂ ನಿಲ್ದಾಣದಿಂದ. ಮೇಲಕ್ಕೆ ಹೋದರೆ 1955ರಿಂದ ಬುಲೆಟ್ ಬೈಕು ಕಟ್ಟಿದ ತಿರುವೊಟ್ಟಿಯೂರು, ಇನ್ನೂ ಮುಂದೆ ಲಾರಿ ಕಟ್ಟುವ ಎಣ್ಣೂರು. ಆ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಕೈಗಳು ಇಲ್ಲಿನ ಗಲ್ಲಿಗಳ ತುಂಬ ಇವೆ.

ನಾವು ಹೋದ ಕಾಲ ಮಾತ್ರ ಕೆಟ್ಟದಾಗಿತ್ತು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ನಮ್ಮ ಮಲ್ಪೆ, ಮಂಗಳೂರಿನ ಕಡೆ ಇದೇ ನಿಷೇಧ ಜೂನ್, ಜುಲೈಯಲ್ಲಿ ಬರುತ್ತದೆ. ವರ್ಷದ ರಿಪೇರಿಯೆಲ್ಲ ಆ 61 ದಿನಗಳಲ್ಲೇ ಮುಗಿಯಬೇಕು. ನಾವು ಕಾಲಿಟ್ಟ ಅಂಗಡಿಯ ಮುಂದೆ ಆಳುದ್ದದ ಶಾಫ್ಟುಗಳು ಕಟ್ಟಿಗೆಯ ಹಾಗೆ ಒಟ್ಟಿದ್ದವು. ಒಳಗೆ ಒಂದು ದೊಡ್ಡ ಲೇತು, ಒಂದು ಸಣ್ಣದು, ಡ್ರಿಲ್ಲಿಂಗ್ ಮೆಷಿನ್, ಗೋಡೆಯ ಮೇಲೆ ಶಿವನೂ ಮಾತೆ ಮೇರಿಯೂ ಒಂದೇ ಹೂಮಾಲೆಯಲ್ಲಿ. ಅಂಗಡಿಯ ಯಜಮಾನರಿಗೆ ಅರವತ್ತರ ಮೇಲೆ ವಯಸ್ಸು. ಜೂನ್ 14 ಕಳೆದಮೇಲೆ ಬನ್ನಿ ಎಂದು ಕೈಯಾಡಿಸಿದರು. ಅಷ್ಟರಲ್ಲಿ ಅಪ್ಪ ಆ ಎರಡು ತುಂಡುಗಳನ್ನು ಅವರ ಮುಂದಿನ ಕಬ್ಬಿಣದ ಮೇಜಿನ ಮೇಲೆ ಇಟ್ಟುಬಿಟ್ಟಿದ್ದ.

ಅವರು ಎತ್ತಿಕೊಂಡು ಕೇಳಿದರು: ‘ಇದು ಎನ್ನ ವೇಲೈ ಸೆಯ್ಯುದು?’

ಇದು ಏನು ಕೆಲಸ ಮಾಡುತ್ತದೆ? ಯಾವ ಗಾಡಿ, ಯಾವ ಮಾಡೆಲ್, ಯಾವ ನಂಬರ್ ಎಂದು ಅವರು ಕೇಳಲಿಲ್ಲ. ನಾನು ತಮಿಳಿನಲ್ಲಿ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎಡಗೈಯನ್ನು ಶಾಫ್ಟು ಮಾಡಿ, ಬಲಗೈಯನ್ನು ಪೆಡಲು ಮಾಡಿ ತೋರಿಸಿದ. ಯಜಮಾನರು ತಲೆಯಾಡಿಸಿದರು. ವೆಲ್ಡಿಂಗ್ ಮಾಡಿದರಾಗದೇ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೇ ಬೇಡವೆಂದರು, ಒಬ್ಬರು ಕನ್ನಡದಲ್ಲಿ, ಒಬ್ಬರು ತಮಿಳಿನಲ್ಲಿ. ದಣಿದ ಲೋಹಕ್ಕೆ ಬೆಸುಗೆ ಹಾಕಿದರೆ ಬೆಸುಗೆ ಉಳಿಯುತ್ತದೆ, ಅದರ ಪಕ್ಕದ್ದು ಬಿರಿಯುತ್ತದೆ. ಹೊಸದಾಗಿಯೇ ಮಾಡಬೇಕು. ಆದರೆ ಬಿಡುವಿಲ್ಲ.

‘ಅರ ಕೊಡಿ, ನಾನೇ ಉಜ್ಜಿಕೊಳ್ತೀನಿ’ ಎಂದ ಅಪ್ಪ.

ಅದನ್ನು ನಾನು ಅನುವಾದಿಸಬೇಕಾಗಲಿಲ್ಲ. ನಮ್ಮ ಅರ ಅವರ ಅರಂ. ನಮ್ಮ ಉಳಿ ಅವರದೂ ಉಳಿಯೇ. ಸುತ್ತಿಗೆ ಅವರಲ್ಲಿ ಸುತ್ತಿಯಲ್. ಅಂಗುಲದ ಎಂಟನೇ ಒಂದು ಭಾಗಕ್ಕೆ ಅವರೂ ನೂಲು ಎನ್ನುತ್ತಿದ್ದರು, ಅಪ್ಪನೂ ನೂಲು ಎನ್ನುತ್ತಿದ್ದ. ಒಪ್ಪಂದ ಹೀಗಾಯಿತು: ತೂತು ಕೊರೆಯುವುದು, ಬುಷ್ ತಿರುಗಿಸುವುದು ಅಂಗಡಿಯವರ ಕೆಲಸ, ಶಾಫ್ಟು ಕೆಲಸದ ನಡುವೆ ಬಿಡುವಾದಾಗ. ಗುರುತು ಹಾಕುವುದು, ಕತ್ತರಿಸುವುದು, ಉಜ್ಜುವುದು ಅಪ್ಪನ ಪಾಲಿಗೆ. ಒಂದು ಮಾತನ್ನು ಅಪ್ಪ ಮೊದಲೇ ನನಗೆ ಹೇಳಿದ: ‘ಇದು ಕ್ಲಚ್ಚು, ಅದಕ್ಕೆ ಕೈ ಹಾಕ್ತಿದೀನಿ. ಬ್ರೇಕೋ ಸ್ಟೀರಿಂಗೋ ಆಗಿದ್ರೆ ಮುಟ್ತಿರಲಿಲ್ಲ.’

ಮರುದಿನದಿಂದ ಅಪ್ಪ ಬೆಳಗ್ಗೆ ಒಂಬತ್ತಕ್ಕೆ ಷೇರ್ ಆಟೋ ಹತ್ತಿ ಕಾಸಿಮೇಡಿಗೆ ಹೋಗತೊಡಗಿದ. ಚೀಲದಲ್ಲಿ ಮೊಸರನ್ನದ ಡಬ್ಬಿ, ಭದ್ರಾವತಿಯಿಂದ ತಂದಿದ್ದ ವರ್ನಿಯರ್ ಕ್ಯಾಲಿಪರ್. ನಾನು ಸಂಜೆ ಕೆಲಸದಿಂದ ಬರುತ್ತ ಅಂಗಡಿಗೆ ಹೋಗಿ ಕರೆದುಕೊಂಡು ಬರುತ್ತಿದ್ದೆ. ಹಾಗಾಗಿ ನಾಲ್ಕು ದಿನದ ಕೆಲಸವನ್ನು ಕಂತು ಕಂತಾಗಿ ನೋಡಿದೆ.

ಆ ತೋಳಿನಲ್ಲಿ ತಪ್ಪಬಾರದ ಅಳತೆ ಎರಡೇ. ಒಂದು, ಶಾಫ್ಟು ಕೂರುವ ತೂತಿನ ಮಧ್ಯದಿಂದ ಕೇಬಲಿನ ಪಿನ್ನು ಕೂರುವ ತೂತಿನ ಮಧ್ಯಕ್ಕೆ ಇರುವ ದೂರ. ನಮ್ಮದರಲ್ಲಿ 42 ಮಿಲಿಮೀಟರ್. ಪೆಡಲಿನ ಉದ್ದ 252. ಅಂದರೆ ಆರಕ್ಕೆ ಒಂದು. ಕಾಲು 150 ಮಿ.ಮೀ. ತುಳಿದರೆ ಕೇಬಲ್ 25 ಮಿ.ಮೀ. ಎಳೆಯುತ್ತದೆ. ತೋಳು ಮೂರು ಮಿ.ಮೀ. ಉದ್ದವಾದರೆ ಪೆಡಲು ಭಾರವಾಗಿ ಮಂಡಿ ನೋಯುತ್ತದೆ. ಮೂರು ಮಿ.ಮೀ. ಗಿಡ್ಡವಾದರೆ ಪೆಡಲು ಹಗುರವೇನೋ ಹೌದು, ಆದರೆ ಕೇಬಲ್ ಎಳೆತ 23ಕ್ಕೆ ಇಳಿದು, ಕ್ಲಚ್ ಪೂರ್ತಿ ಬಿಡದೆ ಗೇರು ಕಿರುಗುಟ್ಟುತ್ತದೆ. ಎರಡನೆಯದು ಕೋನ. ಶಾಫ್ಟಿನ ತುದಿ ದುಂಡಗಿಲ್ಲ, ಎರಡು ಕಡೆ ಚಪ್ಪಟೆ ಮಾಡಿದೆ, ತೋಳು ಅದರ ಮೇಲೆ ಜಾರದೆ ಕೂರಲಿ ಎಂದು. ಆ ಚಪ್ಪಟೆಗೂ ತೋಳಿಗೂ ನಡುವಿನ ಕೋನ ಹೆಚ್ಚುಕಡಿಮೆಯಾದರೆ ಪೆಡಲು ತೀರಾ ಮೇಲೋ ತೀರಾ ಕೆಳಗೋ ನಿಲ್ಲುತ್ತದೆ.

ಮುರಿದ ತುಂಡುಗಳನ್ನು ಅಪ್ಪ ಬಿರುಕಿಗೆ ಬಿರುಕು ಕೂಡಿಸಿ ದಾರ ಸುತ್ತಿ, ರಟ್ಟಿನ ಮೇಲೆ ಅಚ್ಚು ತೆಗೆದ. ಎರಡು ತೂತುಗಳ ಮಧ್ಯದ ದೂರ ಅಳೆಯುವುದಕ್ಕೆ ಒಂದು ಸುಲಭದ ಉಪಾಯವಿದೆ. ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ, ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಿರಿ, ಕೂಡಿಸಿ ಅರ್ಧ ಮಾಡಿ. ತೂತುಗಳು ಯಾವ ಗಾತ್ರದವಾದರೂ ಸರಿ. ಆದರೆ ನಮ್ಮ ಪಿನ್ನಿನ ತೂತು ಕೇಬಲಿನ ಎಳೆತಕ್ಕೆ ಒಂದೇ ಕಡೆ ಸವೆದು ಕೋಳಿಮೊಟ್ಟೆಯಾಗಿತ್ತು. ಅದಕ್ಕೆ ಸವೆಯದ ಕಡೆಯ ಅಂಚನ್ನು ಹಿಡಿದು, ಹೊಸ ಪಿನ್ನಿನ ಅರ್ಧ ದಪ್ಪ ಸೇರಿಸಿ ಲೆಕ್ಕ ಮಾಡಿದ. ಸವೆದ ವಸ್ತುವನ್ನು ನಕಲು ಮಾಡಿದರೆ ಸವೆತವೂ ನಕಲಾಗುತ್ತದೆ ಎಂಬುದು ಅವನ ಮಾತು.

ಕಬ್ಬಿಣ ಆರಿಸುವಾಗ ಮೂಲೆಯ ರಾಶಿಯಿಂದ ಎರಡು ಮೂರು ತುಂಡು ತೆಗೆದು ಗ್ರೈಂಡರಿಗೆ ತಾಗಿಸಿ ಕಿಡಿ ನೋಡಿದರಂತೆ. ಸಾದಾ ಕಬ್ಬಿಣದ ಕಿಡಿ ಉದ್ದಕ್ಕೆ ನೇರ ಹಾರುತ್ತದೆ. ಇಂಗಾಲ ಹೆಚ್ಚಿದ್ದರೆ ತುದಿಯಲ್ಲಿ ಸುರುಸುರುಬತ್ತಿಯ ಹಾಗೆ ನಕ್ಷತ್ರ ಒಡೆಯುತ್ತದೆ. ನಕ್ಷತ್ರ ಒಡೆದ ಒಂದು ಇಎನ್–8 ಪಟ್ಟಿಯ ತುಂಡು, 10 ಮಿ.ಮೀ. ದಪ್ಪದ್ದು, ಆಯ್ಕೆಯಾಯಿತು.

ಅಲ್ಲೇ ಜಗಳವೂ ಶುರುವಾಯಿತು. ಯಜಮಾನರು ದೋಣಿಯವರು. ಕಡಲಿನ ನಡುವೆ ಮುರಿದರೆ ಯಾರೂ ಬರುವುದಿಲ್ಲ, ಅದಕ್ಕೆ ಎಲ್ಲವನ್ನೂ ದಪ್ಪ ಮಾಡು ಎಂಬುದು ಅವರ ಶಾಸ್ತ್ರ. ಅಪ್ಪನ ಶಾಸ್ತ್ರ ಬೇರೆ. ಕೇಬಲಿನ ಕವಲು ಬಾಯಿಯಲ್ಲಿ 6 ಮಿ.ಮೀ.ಗಿಂತ ದಪ್ಪದ್ದು ಕೂರುವುದೇ ಇಲ್ಲ. ಮೇಲಾಗಿ, ಹಳೆಯದು ಮುರಿದದ್ದು ತೆಳುವಾಗಿದ್ದಕ್ಕಲ್ಲ, ತೋಳು ಬುಡವನ್ನು ಸೇರುವಲ್ಲಿ ಮೂಲೆ ಚೂಪಾಗಿದ್ದಕ್ಕೆ. ಬಿರುಕು ಹುಟ್ಟುವುದು ಮೂಲೆಯಲ್ಲಿ. ಇದಕ್ಕೆ ಇಡೀ ಜಗತ್ತು ಬೆಲೆ ತೆತ್ತಿದೆ. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದವು. ವಿಮಾನದ ಮೈಗೆ ನೀರು ತುಂಬಿಸಿ, ಒತ್ತಡ ಏರಿಸಿ ಇಳಿಸಿ ಪರೀಕ್ಷೆ ಮಾಡಿದಾಗ ಕಿಟಕಿಯಂಥ ತೆರಪಿನ ಮೂಲೆಯ ಹತ್ತಿರ ಲೋಹ ದಣಿದು ಬಿರಿಯುವುದು ಗೊತ್ತಾಯಿತು. ಈಗ ವಿಮಾನದಲ್ಲಿ ಕೂತಾಗ ಕಿಟಕಿಯ ಮೂಲೆ ದುಂಡಗಿರುವುದನ್ನು ನೀವೂ ನೋಡಿರುತ್ತೀರಿ.

ಭಾಷೆ ಗೊತ್ತಿಲ್ಲದ ಇಬ್ಬರು ಹಿರಿಯರು ಈ ವಿಷಯಕ್ಕೆ ಒಂದು ಇಡೀ ಸಂಜೆ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೀಚಿ ವಾದ ಮಾಡಿದರು. ನಾನು ದುಭಾಷಿಯಾಗಲು ಹೋಗಿ ಇಬ್ಬರಿಂದಲೂ ಬೈಸಿಕೊಂಡೆ. ಕೊನೆಗೆ ಇಬ್ಬರ ಮಾತೂ ಉಳಿಯಿತು. ಬುಡದಲ್ಲಿ 10 ಮಿ.ಮೀ. ದಪ್ಪ, ತುದಿಗೆ ಬರುತ್ತ 6ಕ್ಕೆ ಇಳಿದು, ನಡುವೆ ಎಲ್ಲೂ ಮೂಲೆಯಿಲ್ಲದೆ ದುಂಡಗೆ. ಮರದ ಕೊಂಬೆ ಕಾಂಡವನ್ನು ಸೇರುವ ಹಾಗೆ.

ತೂತು ಕೊರೆದಾದ ಮೇಲೆ ದುಂಡು ತೂತನ್ನು ಶಾಫ್ಟಿನ ಚಪ್ಪಟೆಗೆ ಹೊಂದುವ ಹಾಗೆ ಉಜ್ಜುವುದಕ್ಕೇ ಅಪ್ಪನಿಗೆ ಒಂದೂವರೆ ದಿನ ಹಿಡಿಯಿತು. ಶಾಫ್ಟಿಗೆ ಮಸಿ ಸವರುವುದು, ತೋಳನ್ನು ಕೂರಿಸಿ ನೋಡುವುದು, ಮಸಿ ತಾಗಿದ ಕಡೆ ಅರದಿಂದ ಎರಡು ಎಳೆತ, ಮತ್ತೆ ಮಸಿ. ಒಂದು ಸಂಜೆ ನಾನು ಬಾಗಿಲಲ್ಲಿ ನಿಂತಿದ್ದು ಅವನಿಗೆ ಗೊತ್ತಾಗಲಿಲ್ಲ. ವೈಸಿನ ಮುಂದೆ ಎಡಗಾಲು ಮುಂದಿಟ್ಟು, ಮೈಯ ಭಾರವನ್ನು ಅರದ ಮೇಲೆ ಹದವಾಗಿ ಬಿಟ್ಟು ನಿಂತಿದ್ದ. ಆ ನಿಲುವನ್ನು ನಾನು ಹಿಂದೆ ನೋಡಿರಲಿಲ್ಲ. ಕಾರ್ಖಾನೆಯ ಗೇಟಿನ ಒಳಗೆ ಮನೆಯವರು ಹೋಗುವಂತಿರಲಿಲ್ಲವಲ್ಲ. 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಭದ್ರಾವತಿಯ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಅಪ್ಪ ಟಿವಿ ಆರಿಸಿ ಸುಮ್ಮನೆ ಮಲಗಿದ್ದ. ಮೂವತ್ತೈದು ವರ್ಷ ಅವನು ಅಲ್ಲಿ ಏನು ಮಾಡುತ್ತಿದ್ದ ಎಂಬುದನ್ನು ನಾನು ನೋಡಿದ್ದು ಕಾಸಿಮೇಡಿನಲ್ಲಿ.

ಹುಡುಗರು ಅವನ ಸುತ್ತ ಸೇರಿದ್ದರು. ಲೇತಿನ ಮೇಲೆ ಪಳಗಿದ ಆ ಹುಡುಗರಿಗೆ ಕೈಯಲ್ಲಿ ಅರ ಹಿಡಿದು ಸಮತಟ್ಟು ಮಾಡುವುದು ಅಷ್ಟಾಗಿ ಬರುತ್ತಿರಲಿಲ್ಲ. ‘ಅಯ್ಯಾ, ಇನ್ನೊಂದು ಸಲ ತೋರಿಸಿ’ ಎಂದು ಒಬ್ಬ ತಮಿಳಿನಲ್ಲಿ ಕೇಳಿದ. ಅಪ್ಪ ಕನ್ನಡದಲ್ಲಿ, ‘ಮೊಣಕೈ ಆಡಿಸಬೇಡ, ಭುಜದಿಂದ ತಳ್ಳು’ ಎಂದ. ಹುಡುಗ ಭುಜದಿಂದ ತಳ್ಳಿದ.

ಶಾಫ್ಟು ತಿರುಗುವ ಎರಡು ಬುಷ್‌ಗಳು ಪ್ಲಾಸ್ಟಿಕ್ಕಿನವು, ಸವೆದು ಹೋಗಿದ್ದವು. ಅವುಗಳ ಜಾಗಕ್ಕೆ ಯಜಮಾನರು ಗನ್‌ಮೆಟಲ್ ಬುಷ್ ತಿರುಗಿಸಿಕೊಟ್ಟರು. ತಾಮ್ರಕ್ಕೆ ತವರ, ಸ್ವಲ್ಪ ಸತು ಸೇರಿದ ಲೋಹ ಅದು. ಹಿಂದೆ ಅದರಲ್ಲಿ ಫಿರಂಗಿ ಎರೆಯುತ್ತಿದ್ದರಂತೆ, ಅದಕ್ಕೇ ಆ ಹೆಸರು. ಉಪ್ಪುನೀರಿಗೆ ಬಗ್ಗುವುದಿಲ್ಲ. ಬುಷ್‌ಗೆ ಗ್ರೀಸ್ ಹೋಗಲು ಒಂದು ಸಣ್ಣ ತೂತು. ತೋಳಿಗೆ ಕೆಂಪು ಪ್ರೈಮರ್ ಹಚ್ಚಿ ಬಿಸಿಲಿಗೆ ಒಣಗಿಸಿದರು.

ಐದನೆಯ ದಿನ ರಸ್ತೆಬದಿಯ ಮೆಕ್ಯಾನಿಕ್ ಎಲ್ಲವನ್ನೂ ಕೂರಿಸಿದ. ಪೆಡಲಿನ ಮೇಲೆ ಬೆರಳಿಟ್ಟು ಒತ್ತಿದರೆ ಮೊದಲ 15–20 ಮಿ.ಮೀ. ಸುಮ್ಮನೆ ಹೋಗಬೇಕು, ಆಮೇಲಷ್ಟೇ ಭಾರ ಸಿಗಬೇಕು, ಇಲ್ಲದಿದ್ದರೆ ಕ್ಲಚ್ ಪ್ಲೇಟು ಸದಾ ಉಜ್ಜಿಕೊಂಡು ಸವೆಯುತ್ತದೆ. ಕೇಬಲಿನ ನಟ್ಟು ತಿರುಗಿಸಿ ಅದನ್ನು ಹೊಂದಿಸಿದ. ಅಪ್ಪ ಹಿಂದಿನ ಸೀಟಿನಲ್ಲಿ ಕೂತ. ಕಂಟೇನರ್ ಲಾರಿಗಳ ಸಾಲಿನ ಪಕ್ಕದಲ್ಲೇ ತಿರುವೊಟ್ಟಿಯೂರಿನವರೆಗೆ ಹೋಗಿ ಬಂದೆ. ಪ್ರತಿ ಸಲ ಗೇರು ಬದಲಿಸಿದಾಗಲೂ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದೆ. ಅವನು ಕಿವಿಗೊಟ್ಟು ಕೇಳುತ್ತಿದ್ದ. ಗೇರು ಸದ್ದಿಲ್ಲದೆ ಬಿತ್ತು. ಪೆಡಲು ಮೊದಲಿಗಿಂತ ಗಟ್ಟಿಯಾಗಿ, ಒಂದಿಷ್ಟೂ ಅಲುಗಾಡದೆ ಮೇಲೆ ಬರುತ್ತಿತ್ತು.

ದುಡ್ಡು ಕೊಡಲು ಹೋದಾಗ ಯಜಮಾನರು ಎರಡು ತೋಳಿನ ಲೆಕ್ಕ ಹೇಳಿದರು. ಪೇಪರಿನಲ್ಲಿ ಸುತ್ತಿದ ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ದೋಣಿಯವರು ಯಾವತ್ತೂ ಒಂದೇ ಮಾಡಿಸುವುದಿಲ್ಲವಂತೆ. ಎರಡಕ್ಕೂ ಸೇರಿ ಸಾವಿರದ ನಾನೂರು ರೂಪಾಯಿ. ಅಪ್ಪನ ಕೂಲಿ ಅದರಲ್ಲಿ ಕಳೆದಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಅವರು ಮಾತ್ರ ಇನ್ನೊಂದು ವಿಷಯ ಕೇಳಿದರು. ಜೂನ್ 14ಕ್ಕೆ ಇನ್ನು ಮೂರು ವಾರ ಇದೆ, ಶಾಫ್ಟಿನ ಕೀ ಗಾಡಿಗಳನ್ನು ಉಜ್ಜುವುದಕ್ಕೆ ಕೈ ಸಾಲುತ್ತಿಲ್ಲ, ಅಯ್ಯಾ ಬರುತ್ತಾರಾ?

ಅಪ್ಪ ಹೋದ. ದೋಣಿಗಳು ಕಡಲಿಗೆ ಇಳಿದಮೇಲೂ ವಾರಕ್ಕೆ ಎರಡು ದಿನ ಹೋಗುತ್ತಾನೆ. ಅವನಿಗೆ ತಮಿಳು ಬಂದಿದೆ ಎನ್ನಲಾರೆ. ಚೆನ್ನೈ ಇಷ್ಟವಾಗಿದೆ ಎಂದೂ ಅವನು ಹೇಳಿಲ್ಲ. ಮಳೆಗಾಲದಲ್ಲಿ ಊರಿಗೆ ಹೋಗಿ ಮನೆ ಗುಡಿಸಿ, ಹೆಂಚು ಸರಿಮಾಡಿಸಿ, ಹದಿನೈದು ದಿನಕ್ಕೆ ವಾಪಸು ಬಂದ. ಅಂಗಡಿಯಲ್ಲಿ ಕೆಲಸ ಇದೆ ಎಂದ.

ಕಳೆದ ತಿಂಗಳು ಶಿವಮೊಗ್ಗದಿಂದ ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಅವರದೂ ಅದೇ ಮಾಡೆಲ್, ಅದೇ ತೋಳು, ಅದೇ ಬಿರುಕು. ‘ನಿಂಗೆ ಎಲ್ಲಿ ಸಿಕ್ತು ಮಾರಾಯ, ಪಾರ್ಟ್ ನಂಬರ್ ಕಳಿಸು’ ಎಂದರು. ಅಪ್ಪ ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಬರೆದ. 42 ಮಿ.ಮೀ., ಕೋನ, ಬುಡದ ದಪ್ಪ, ತುದಿಯ ದಪ್ಪ, ಮೂಲೆಯ ದುಂಡಗು ಎಲ್ಲವನ್ನೂ ಬಾಣ ಹಾಕಿ ಗುರುತಿಸಿದ. ಫೋಟೋ ತೆಗೆದು ಕಳಿಸಲು ನನಗೆ ಕೊಟ್ಟ. ನಕ್ಷೆಯ ಕೆಳಗೆ, ಬಲಮೂಲೆಯಲ್ಲಿ, ಪಾರ್ಟ್ ನಂಬರ್ ಬರೆಯುವ ಜಾಗದಲ್ಲಿ ಹೀಗೆ ಬರೆದಿದ್ದ: ‘ಕೆಲಸ: ಕೇಬಲ್ ಎಳೆಯುವುದು.’